ಬಾಡ್ ರೇಟಿನ ಹಿಂದಿದ್ದ ರೈತನ ಮಗ

ಪುಣೆಯ ಭೋಸರಿಯ ಸಣ್ಣ ವರ್ಕ್‌ಶಾಪುಗಳಲ್ಲಿ ಹಳೆಯ ಸಿಎನ್‌ಸಿ ಯಂತ್ರಗಳು ಇನ್ನೂ ದುಡಿಯುತ್ತಿವೆ. ಅವಕ್ಕೆ ಯುಎಸ್‌ಬಿಯೂ ಇಲ್ಲ, ನೆಟ್‌ವರ್ಕ್ ಕೇಬಲ್ಲೂ ಇಲ್ಲ. ಹೊರಜಗತ್ತಿನ ಜತೆ ಮಾತಾಡಲು ಇರುವುದು ಒಂದು ಆರ್‌ಎಸ್-232 ಸೀರಿಯಲ್ ಪೋರ್ಟ್ ಮಾತ್ರ. ಎರಡು ವರ್ಷದ ಹಿಂದೆ ಅಂಥ ಒಂದು ಯಂತ್ರಕ್ಕೆ ಲ್ಯಾಪ್‌ಟಾಪಿನಿಂದ ಪ್ರೋಗ್ರಾಮ್ ಕಳಿಸುವ ಸಾಫ್ಟ್‌ವೇರ್ ಬರೆದುಕೊಟ್ಟೆ.

ಅಂದಿನದು ಮೋಲ್ಡ್ ಕೆಲಸ. ಪ್ರೋಗ್ರಾಮಿನ ಉದ್ದ 1.2 ಕೋಟಿ ಅಕ್ಷರ. ಯಂತ್ರದ ಮೆಮೊರಿಗೆ ಅಷ್ಟು ಹಿಡಿಸದು. ಹಾಗಾಗಿ ಹನಿ ನೀರಾವರಿಯ ಹಾಗೆ, ಒಂದು ಕಡೆ ಲೋಹ ಕತ್ತರಿಸುತ್ತಿರುವಾಗಲೇ ಇನ್ನೊಂದು ಕಡೆ ಸಾಲು ಸಾಲಾಗಿ ಕಳಿಸುತ್ತಿರಬೇಕು. ಯಂತ್ರದಲ್ಲಿ 9600 ಬಾಡ್ ಎಂದು ಸೆಟ್ ಮಾಡಿತ್ತು. ಎಂಟು ಬಿಟ್‌ಗೆ ಒಂದು ಬೈಟ್ ಎಂದು ಎಂಟರಿಂದ ಭಾಗಿಸಿದೆ: ಸೆಕೆಂಡಿಗೆ 1200 ಅಕ್ಷರ, ಒಟ್ಟು 10,000 ಸೆಕೆಂಡು. ಬೆಳಗ್ಗೆ ಆರಕ್ಕೆ ಶುರು ಮಾಡಿದರೆ ಒಂಬತ್ತರೊಳಗೆ ಮುಗಿಯುತ್ತದೆ ಎಂದು ಮಾಲೀಕರಿಗೆ ಹೇಳಿಬಿಟ್ಟೆ. ಒಂಬತ್ತಕ್ಕೆ ಕರೆಂಟ್ ಹೋಗುವುದೆಂದು ಮೊದಲೇ ಗೊತ್ತಿತ್ತು.

ಆಪರೇಟರ್ ಜತ್ ತಾಲ್ಲೂಕಿನವರು. ಕನ್ನಡದಲ್ಲೇ ಮಾತು, ನಾನು ಕಾಕಾ ಎಂದೇ ಕರೆಯುತ್ತಿದ್ದೆ. ನನ್ನ ಲೆಕ್ಕ ನಂಬಿ ಬೆಳಗಿನ ಜಾವವೇ ಎದ್ದು ಬಂದಿದ್ದರು. ಒಂಬತ್ತಕ್ಕೆ ಕರೆಂಟ್ ಹೋದಾಗ ಕೆಲಸ ಇನ್ನೂ ಅರ್ಧ ಗಂಟೆಯದು ಉಳಿದಿತ್ತು. ಕಟರ್ ಕಬ್ಬಿಣದೊಳಗೇ ಸಿಕ್ಕಿ ಮುರಿಯಿತು, ಜಾಬ್ ಹಾಳಾಯಿತು. ಮಾಲೀಕರು ಬೈದದ್ದು ಕಾಕಾರನ್ನು, ತಡವಾಗಿ ಶುರು ಮಾಡಿರಬೇಕೆಂದು. ಎಂಟೆಕ್ ಓದಿದ ನಾನು ಪಕ್ಕದಲ್ಲೇ ನಿಂತು ಸುಮ್ಮನಿದ್ದೆ.

ಆ ರಾತ್ರಿ ಕೂತು ನೋಡಿದಾಗ ತಪ್ಪು ಸಿಕ್ಕಿತು. ಸೀರಿಯಲ್ ಕೇಬಲ್ಲಿನಲ್ಲಿ ಪ್ರತಿ ಅಕ್ಷರದ ಮುಂದೆ ಒಂದು ಸ್ಟಾರ್ಟ್ ಬಿಟ್, ಹಿಂದೆ ಒಂದು ಸ್ಟಾಪ್ ಬಿಟ್ ಹೋಗುತ್ತವೆ. ಅಂದರೆ ಎಂಟಲ್ಲ, ಹತ್ತರಿಂದ ಭಾಗಿಸಬೇಕು. ಸೆಕೆಂಡಿಗೆ 960 ಅಕ್ಷರ, ಒಟ್ಟು 12,500 ಸೆಕೆಂಡು, ಅಂದರೆ ಹತ್ತಿರಹತ್ತಿರ ಮೂರೂವರೆ ಗಂಟೆ. ಈ ಎರಡು ಬಿಟ್ ಯಾಕಾದರೂ ಬಂದವು, ಬಾಡ್ ಎಂದರೆ ನಿಜಕ್ಕೂ ಏನು ಎಂದು ಹುಡುಕುತ್ತಾ ಹೋದರೆ ಎದುರಾದದ್ದು ಒಬ್ಬ ಮನುಷ್ಯ.

ಎಮಿಲ್ ಬೊಡೊ ಹುಟ್ಟಿದ್ದು 1845ರಲ್ಲಿ, ಫ್ರಾನ್ಸಿನ ಮಾನ್ಯೊ ಎಂಬ ಹಳ್ಳಿಯಲ್ಲಿ. ತಂದೆ ರೈತ. ಶಾಲೆಯ ಓದು ಪ್ರಾಥಮಿಕಕ್ಕೇ ಮುಗಿಯಿತು. ಆಮೇಲೆ ಅಪ್ಪನ ಹೊಲದಲ್ಲಿ ದುಡಿಮೆ. 1869ರಲ್ಲಿ ತಂತಿ ಇಲಾಖೆಗೆ ಕಲಿಕೆಯ ಆಪರೇಟರ್ ಆಗಿ ಸೇರಿದ. ಮರುವರ್ಷ ಪ್ರಷ್ಯಾದೊಂದಿಗೆ ಯುದ್ಧ ಬಂತು, ಸೈನ್ಯದಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ 1872ರಲ್ಲಿ ಪ್ಯಾರಿಸ್ಸಿಗೆ ಮರಳಿದ.

ಇಲಾಖೆ ಆತನಿಗೆ ಎರಡು ಯಂತ್ರ ಕಲಿಸಿತ್ತು. ಹ್ಯೂಸ್ ಯಂತ್ರ ಅಕ್ಷರಗಳನ್ನೇ ಮುದ್ರಿಸುತ್ತಿತ್ತು, ಆದರೆ ಬೇಕಾದ ಅಕ್ಷರ ಚಕ್ರ ತಿರುಗಿ ಬರುವವರೆಗೆ ತಂತಿ ಖಾಲಿ ಕೂತಿರುತ್ತಿತ್ತು. ಮೆಯರ್ ಯಂತ್ರ ಒಂದೇ ತಂತಿಯನ್ನು ಹಲವು ಆಪರೇಟರುಗಳಿಗೆ ಸರದಿಯಂತೆ ಹಂಚುತ್ತಿತ್ತು, ಆದರೆ ಅದು ಬಳಸಿದ್ದು ಮೋರ್ಸ್ ಸಂಕೇತ. ಮೋರ್ಸ್‌ನಲ್ಲಿ ಒಂದು ಅಕ್ಷರ ಗಿಡ್ಡ, ಇನ್ನೊಂದು ಉದ್ದ. ಇವೆರಡನ್ನೂ ಒಂದುಗೂಡಿಸಬಹುದೆಂದು ಬೊಡೊಗೆ ಹೊಳೆಯಿತು. ಪ್ರತಿ ಅಕ್ಷರಕ್ಕೂ ಸಮನಾದ ಐದು ಬಡಿತ ಕೊಟ್ಟ. ಪ್ರತಿ ಬಡಿತದಲ್ಲೂ ಎರಡೇ ಸಾಧ್ಯತೆ. ಐದಕ್ಕೆ 32 ಜೋಡಣೆ. ಇಲಾಖೆ ಇದಕ್ಕೆಂದು ಬಿಡುವು ಕೊಡಲಿಲ್ಲ, ಹಣವನ್ನೂ ಕೊಡಲಿಲ್ಲ. ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲೇ ಮಾಡಿಕೊಂಡ. 1874ರ ಜೂನ್‌ನಲ್ಲಿ ಪೇಟೆಂಟ್ ಪಡೆದ. ಸೈಡ್ ಪ್ರಾಜೆಕ್ಟ್ ಎಂದು ನಮ್ಮ ಐಟಿಯವರು ವಾರಾಂತ್ಯದಲ್ಲಿ ಮಾಡುವ ಯಾವುದೂ ಇದರ ಹತ್ತಿರ ಬರದು.

ಯಂತ್ರದ ಮುಂದೆ ಐದೇ ಕೀಲಿಗಳು, ಪಿಯಾನೊದ ಹಾಗೆ: ಎಡಗೈಗೆ ಎರಡು, ಬಲಗೈಗೆ ಮೂರು. ತಂತಿಯನ್ನು ಸರದಿ ಹಂಚುವ ಚಕ್ರ ನಿಮಿಷಕ್ಕೆ 180 ಸುತ್ತು ತಿರುಗುತ್ತಿತ್ತು, ಸುತ್ತಿಗೊಂದು ಅಕ್ಷರ. ಅಂದರೆ ಒಬ್ಬರಿಗೆ ನಿಮಿಷಕ್ಕೆ ಸುಮಾರು 30 ಪದ. ನಾಲ್ವರು ಕೂತರೆ ಅದೇ ತಂತಿಯಲ್ಲಿ 120 ಪದ. ಚಕ್ರಗಳನ್ನು ಹೊಂದಿಸುವ ಬಡಿತಗಳನ್ನು ಬಿಟ್ಟರೆ ಇದು ಸೆಕೆಂಡಿಗೆ 60 ಬಡಿತ. ಬಾಡ್ ಎಂದರೆ ಇಷ್ಟೇ: ಸೆಕೆಂಡಿಗೆ ತಂತಿಯಲ್ಲಿ ಎಷ್ಟು ಬಡಿತ.

ಕಷ್ಟವೆಲ್ಲ ಆಪರೇಟರಿನದು. ತನ್ನ ಸರದಿ ಬಂದಾಗ ಯಂತ್ರ ಟಿಕ್ ಎನ್ನುತ್ತಿತ್ತು. ಸರಿಯಾಗಿ ಆಗಲೇ ಕೀಲಿ ಒತ್ತಬೇಕು. ತಾಳ ತಪ್ಪಿದರೆ ಅಕ್ಷರ ಹೋಯಿತು. ದಿನವಿಡೀ ಹೀಗೆ ಕೂತ ಆ ಜನರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

1877ರಲ್ಲಿ ಪ್ಯಾರಿಸ್–ಬೋರ್ಡೊ ನಡುವೆ ಯಂತ್ರದ ಪರೀಕ್ಷೆ ನಡೆಯಿತು. ಮರುವರ್ಷದ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಚಿನ್ನದ ಪದಕ ಸಿಕ್ಕಿತು. ಭಾರತದ ತಂತಿ ಇಲಾಖೆಯೂ ಮುಂದೆ ಬೊಡೊ ಯಂತ್ರಗಳನ್ನು ಬಳಸಿತು. ಆರೋಗ್ಯ ಮಾತ್ರ ಆತನಿಗೆ ಕೈಕೊಡುತ್ತಲೇ ಇತ್ತು. 1890ರ ಜನವರಿಯಲ್ಲಿ ಮದುವೆಯಾದ; ಏಪ್ರಿಲ್‌ನಲ್ಲಿ ಹೆಂಡತಿ ತೀರಿಕೊಂಡಳು. 1903ರ ಮಾರ್ಚ್ 28ರಂದು ಆತನೂ ಹೋದ. ವಯಸ್ಸು 57. 1920ರ ದಶಕದಲ್ಲಿ ಬಾಡ್ ಎಂಬ ಅಳತೆಗೆ ಆತನ ಹೆಸರಿಟ್ಟರು.

ಸ್ಟಾರ್ಟ್–ಸ್ಟಾಪ್ ಬಿಟ್‌ಗಳು ಆತನ ಯಂತ್ರದಲ್ಲಿ ಇರಲಿಲ್ಲ. ಅವು ಬಂದದ್ದು ನಂತರದ ಟೆಲಿಪ್ರಿಂಟರುಗಳ ಜತೆ. ಆಪರೇಟರ್ ತಾಳಕ್ಕೆ ಕಾಯದೆ ತನಗೆ ಬೇಕಾದಾಗ ಟೈಪ್ ಮಾಡಲಿ ಎಂದು, ಅಕ್ಷರ ಶುರುವಾಯಿತು, ಮುಗಿಯಿತು ಎಂದು ತಂತಿಯೇ ಹೇಳುವ ಏರ್ಪಾಡು. ನಾನು ಲೆಕ್ಕ ಬಿಟ್ಟದ್ದು ಅದನ್ನೇ. 50 ಬಾಡಿನ ಟೆಲೆಕ್ಸ್‌ನಲ್ಲಿ ಒಂದು ಅಕ್ಷರಕ್ಕೆ ಏಳೂವರೆ ಬಡಿತ ಹಿಡಿಯುತ್ತಿತ್ತು. ಹಾಗಾಗಿ ನಿಮಿಷಕ್ಕೆ 400 ಅಕ್ಷರ.

ಹಳೆಯ ಮೋಡೆಮ್ ಇಟ್ಟುಕೊಂಡವರಿಗೆ ಒಂದು ಮಾತು: ಅಲ್ಲಿ ಬಾಡ್ ಮತ್ತು ಬಿಟ್ ಒಂದೇ ಅಲ್ಲ. 2400 ಬಿಟ್‌ನ ಮೋಡೆಮ್ ಫೋನ್ ಲೈನಿನಲ್ಲಿ 600 ಬಾಡ್‌ನಲ್ಲೇ ಓಡುತ್ತಿತ್ತು. ಒಂದೊಂದು ಬಡಿತದಲ್ಲಿ ನಾಲ್ಕು ಬಿಟ್. ಸೀರಿಯಲ್ ಕೇಬಲ್ಲಿನಲ್ಲಿ ಮಾತ್ರ ಬಡಿತಕ್ಕೊಂದೇ ಬಿಟ್.

ಮರುದಿನ ಭೋಸರಿಗೆ ಹೋಗಿ ಮಾಲೀಕರ ಮುಂದೆ, ಕಾಕಾ ಇರುವಾಗಲೇ, ತಪ್ಪು ನನ್ನದೆಂದು ಹೇಳಿದೆ. ಆ ಜಾಬಿನ ನಷ್ಟವನ್ನು ನನ್ನ ಬಿಲ್ಲಿನಲ್ಲಿ ಹಿಡಿದುಕೊಂಡರು. ಕಾಕಾ ಏನೂ ಅನ್ನಲಿಲ್ಲ. ಭಾಗಿಸಬೇಕಾದದ್ದು ಹತ್ತರಿಂದಲಾ ಎಂದು ಒಮ್ಮೆ ಕೇಳಿ, ಯಂತ್ರದ ಬಾಗಿಲ ಮೇಲೆ ಮಾರ್ಕರ್‌ನಲ್ಲಿ 960 ಎಂದು ಬರೆದರು.