ಕ್ರಿಸ್ಟೋಫರ್ ಸ್ಟ್ರೇಚಿ

ಕ್ರಿಸ್ಟೋಫರ್ ಸ್ಟ್ರೇಚಿ (ನವೆಂಬರ್ 16, 1916 – ಮೇ 18, 1975) ಬ್ರಿಟನ್ನಿನ ಗಣಕ ವಿಜ್ಞಾನಿ. ಪ್ರೋಗ್ರಾಮಿಂಗ್ ಭಾಷೆಗಳ ವಿನ್ಯಾಸ, ಆ ಭಾಷೆಗಳ ಅರ್ಥವನ್ನು ಗಣಿತದ ಮೂಲಕ ನಿರೂಪಿಸುವ ಶಾಸ್ತ್ರ, ಈ ಎರಡರಲ್ಲೂ ಇವರದು ಮೊದಲ ಸಾಲಿನ ಹೆಸರು. ಶಾಲಾ ಉಪಾಧ್ಯಾಯರಾಗಿದ್ದಾಗ ಬಿಡುವಿನ ವೇಳೆಯಲ್ಲಿ ಹವ್ಯಾಸವಾಗಿ ಪ್ರೋಗ್ರಾಮ್ ಬರೆಯತೊಡಗಿದ ಇವರು ಮುಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಇಂದು ಪ್ರಚಾರದಲ್ಲಿರುವ ಸಿ ಭಾಷೆಯ ಮೂಲವನ್ನು ಹುಡುಕುತ್ತಾ ಹೋದರೆ ಇವರು ಮುಖ್ಯಪಾತ್ರ ವಹಿಸಿ ರೂಪಿಸಿದ ಸಿಪಿಎಲ್ ಭಾಷೆ ಸಿಗುತ್ತದೆ. ಪ್ರೋಗ್ರಾಮ್ ಬರೆಯುವ ಕೆಲಸವೂ ಅದರ ಸಿದ್ಧಾಂತವೂ ಬೇರೆ ಬೇರೆಯಾಗಿ ಬೆಳೆಯಬಾರದು ಎಂಬುದು ಇವರ ದೃಢವಾದ ನಿಲುವಾಗಿತ್ತು.

ಹುಟ್ಟು ಮತ್ತು ಮನೆತನ

ಸ್ಟ್ರೇಚಿಯವರು ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಜನಿಸಿದರು. ಇವರ ಮನೆತನಕ್ಕೆ ಭಾರತದೊಡನೆ ಹಳೆಯ ಸಂಬಂಧವಿತ್ತು. ತಾತ ರಿಚರ್ಡ್ ಸ್ಟ್ರೇಚಿ ಬ್ರಿಟಿಷ್ ಆಡಳಿತದಲ್ಲಿ ಎಂಜಿನಿಯರರಾಗಿಯೂ ಆಡಳಿತಗಾರರಾಗಿಯೂ ಭಾರತದಲ್ಲಿ ಸೇವೆ ಸಲ್ಲಿಸಿದ್ದರು. ತಂದೆ ಆಲಿವರ್ ಸ್ಟ್ರೇಚಿ ಈಸ್ಟ್ ಇಂಡಿಯನ್ ರೈಲ್ವೆಯಲ್ಲಿ ಕೆಲಸ ಮಾಡಿ ಇಂಗ್ಲೆಂಡಿಗೆ ಮರಳಿದರು. ಎರಡೂ ಮಹಾಯುದ್ಧಗಳ ಕಾಲದಲ್ಲಿ ಗೂಢಲಿಪಿಗಳನ್ನು ಬಿಡಿಸುವ ಕಾರ್ಯದಲ್ಲಿ ತೊಡಗಿದ್ದರು. ತಾಯಿ ರೇ ಸ್ಟ್ರೇಚಿ ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದವರು ಮತ್ತು ಲೇಖಕಿ. ಪ್ರಸಿದ್ಧ ಜೀವನಚರಿತ್ರೆಕಾರ ಲಿಟನ್ ಸ್ಟ್ರೇಚಿ ಇವರ ದೊಡ್ಡ ಬಳಗದಲ್ಲಿ ಒಬ್ಬ ಚಿಕ್ಕಪ್ಪ.

ಶಿಕ್ಷಣ ಮತ್ತು ಆರಂಭದ ವೃತ್ತಿ

ಗ್ರೆಷಮ್ಸ್ ಶಾಲೆಯಲ್ಲಿ ಓದಿದ ನಂತರ 1935ರಲ್ಲಿ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜನ್ನು ಸೇರಿದರು. ಮೂರನೆಯ ವರ್ಷದಲ್ಲಿ ತೀವ್ರ ಮಾನಸಿಕ ಕುಸಿತಕ್ಕೆ ಒಳಗಾದರು. ಪದವಿಯಲ್ಲಿ ಎರಡನೆಯ ದರ್ಜೆಯ ಕೆಳಹಂತದ ಫಲಿತಾಂಶವಷ್ಟೇ ದೊರೆತದ್ದರಿಂದ ಸಂಶೋಧನೆಯ ದಾರಿ ಆಗ ತೆರೆಯಲಿಲ್ಲ. ಸ್ಟ್ಯಾಂಡರ್ಡ್ ಟೆಲಿಫೋನ್ಸ್ ಅಂಡ್ ಕೇಬಲ್ಸ್ ಕಂಪನಿಯನ್ನು ಸೇರಿ ಯುದ್ಧ ಮುಗಿಯುವವರೆಗೂ ಎಲೆಕ್ಟ್ರಾನಿಕ್ ವಾಲ್ವ್‌ಗಳ ವಿನ್ಯಾಸಕ್ಕೆ ಬೇಕಾದ ಲೆಕ್ಕಾಚಾರಗಳಲ್ಲಿ ತೊಡಗಿದರು. ಸಮೀಕರಣಗಳನ್ನು ಬಿಡಿಸಲು ಡಿಫರೆನ್ಷಿಯಲ್ ಅನಲೈಸರ್ ಎಂಬ ಯಂತ್ರವನ್ನು ಬಳಸಿದ್ದು ಗಣಕಗಳ ಬಗ್ಗೆ ಇವರಲ್ಲಿ ಆಸಕ್ತಿ ಹುಟ್ಟಿಸಿತು.

ಯುದ್ಧಾನಂತರ ಕ್ಯಾಂಟರ್‌ಬರಿಯ ಸೇಂಟ್ ಎಡ್ಮಂಡ್ಸ್ ಶಾಲೆಯಲ್ಲಿ ಭೌತಶಾಸ್ತ್ರ ಮತ್ತು ಗಣಿತದ ಉಪಾಧ್ಯಾಯರಾದರು. 1949ರಲ್ಲಿ ಹ್ಯಾರೋ ಶಾಲೆಗೆ ಹೋದರು. ಮೂವತ್ತು ದಾಟಿದ್ದ ಈ ಉಪಾಧ್ಯಾಯರು ಅಲ್ಲಿಯವರೆಗೆ ಒಂದು ಪ್ರೋಗ್ರಾಮನ್ನೂ ಬರೆದಿರಲಿಲ್ಲ.

ಹವ್ಯಾಸದ ಪ್ರೋಗ್ರಾಮ್‌ಗಳು

1951ರ ಜನವರಿಯಲ್ಲಿ ಸ್ನೇಹಿತರೊಬ್ಬರ ಮೂಲಕ ಟೆಡಿಂಗ್ಟನ್‌ನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಗೆ ಭೇಟಿ ನೀಡುವ ಅವಕಾಶ ಒದಗಿತು. ಅಲ್ಲಿನ ಪೈಲಟ್ ಏಸ್ ಗಣಕವನ್ನು ಕಂಡು ಬಂದ ಸ್ಟ್ರೇಚಿಯವರು, ಅದು ಡ್ರಾಫ್ಟ್ಸ್ ಆಟ ಆಡುವಂತೆ ಒಂದು ಪ್ರೋಗ್ರಾಮ್ ರಚಿಸಲು ನಿರ್ಧರಿಸಿದರು. ಚದುರಂಗದ ಮಣೆಯ ಮೇಲೆಯೇ ಆಡುವ ಈ ಆಟದ ನಿಯಮಗಳು ಸರಳವಾಗಿದ್ದರೂ ಮುಂದಿನ ನಡೆಗಳನ್ನು ಊಹಿಸುವುದು ಯಂತ್ರಕ್ಕೆ ಸುಲಭವಲ್ಲ. ಶಾಲೆಯ ಕೆಲಸ ಮುಗಿದ ಮೇಲೆ ಬರೆದ ಈ ಪ್ರೋಗ್ರಾಮನ್ನು ಅದೇ ವರ್ಷದ ಜುಲೈ 30ರಂದು ಪೈಲಟ್ ಏಸ್ ಮೇಲೆ ಓಡಿಸಿ ನೋಡಿದಾಗ ತಪ್ಪುಗಳಿಂದಾಗಿ ಅದು ಸಫಲವಾಗಲಿಲ್ಲ.

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಫೆರಾಂಟಿ ಮಾರ್ಕ್ 1 ಯಂತ್ರದ ಸ್ಮರಣೆ ಇದಕ್ಕಿಂತ ದೊಡ್ಡದೆಂದು ತಿಳಿದು, ಕಿಂಗ್ಸ್ ಕಾಲೇಜಿನ ದಿನಗಳಿಂದ ಪರಿಚಿತರಾಗಿದ್ದ ಆಲನ್ ಟ್ಯೂರಿಂಗ್ ಅವರಿಂದ ಅದರ ಕೈಪಿಡಿಯನ್ನು ತರಿಸಿಕೊಂಡರು. ಟ್ಯೂರಿಂಗ್ ಇವರಿಗೆ ಇನ್ನೊಂದು ಕೆಲಸವನ್ನೂ ಸೂಚಿಸಿದರು. ಯಂತ್ರವು ತನ್ನನ್ನೇ ಅನುಕರಿಸಿ, ಬೇರೊಂದು ಪ್ರೋಗ್ರಾಮ್ ಹೆಜ್ಜೆ ಹೆಜ್ಜೆಗೂ ಏನು ಮಾಡುತ್ತಿದೆ ಎಂಬುದನ್ನು ತೋರಿಸುವ ಪ್ರೋಗ್ರಾಮ್ ಅದು. ಇಂದು ತಪ್ಪು ಹುಡುಕಲು ಬಳಸುವ ಡೀಬಗರ್ ಎಂಬ ಸಾಧನದ ಕೆಲಸವೂ ಇದೇ. ಸುಮಾರು ಒಂದು ಸಾವಿರ ಆದೇಶಗಳಿದ್ದ ಈ ಪ್ರೋಗ್ರಾಮ್ ಆ ಕಾಲಕ್ಕೆ ಬಹಳ ದೊಡ್ಡದು. ಅದನ್ನು ಬರೆದುಕೊಂಡು ಮ್ಯಾಂಚೆಸ್ಟರ್‌ಗೆ ಹೋದ ಸ್ಟ್ರೇಚಿಯವರು ಒಂದು ರಾತ್ರಿ ಯಂತ್ರದ ಮುಂದೆ ಕುಳಿತು ತಪ್ಪುಗಳನ್ನು ತಿದ್ದಿದರು. ಪ್ರೋಗ್ರಾಮ್ ಮುಗಿಯುತ್ತಿದ್ದಂತೆ ಯಂತ್ರದ ಧ್ವನಿವರ್ಧಕದಿಂದ ಬ್ರಿಟನ್ನಿನ ರಾಷ್ಟ್ರಗೀತೆಯ ರಾಗ ಕೇಳಿಬಂತು. ಹೊರಗಿನವರೊಬ್ಬರು ಇಂಥದ್ದನ್ನು ಸಾಧಿಸಿದ್ದು ಅಲ್ಲಿದ್ದ ತಜ್ಞರಿಗೆ ಅಚ್ಚರಿ ತಂದಿತು. ಅದೇ ವರ್ಷ ಬಿಬಿಸಿ ಈ ಯಂತ್ರ ನುಡಿಸಿದ ಮೂರು ರಾಗಗಳನ್ನು ಧ್ವನಿಮುದ್ರಿಸಿಕೊಂಡಿತು. ಗಣಕ ಸಂಗೀತದ ಧ್ವನಿಮುದ್ರಣಗಳಲ್ಲಿ ಇಂದಿಗೆ ಉಳಿದಿರುವ ಅತ್ಯಂತ ಹಳೆಯದು ಇದೇ ಎಂದು ಪರಿಗಣಿಸಲಾಗಿದೆ.

1952ರ ಬೇಸಿಗೆಯ ಹೊತ್ತಿಗೆ ಡ್ರಾಫ್ಟ್ಸ್ ಪ್ರೋಗ್ರಾಮ್ ಒಂದು ಪೂರ್ತಿ ಆಟವನ್ನು ಸಾಕಷ್ಟು ವೇಗವಾಗಿ ಆಡಬಲ್ಲದಾಗಿತ್ತು. ಮಣೆಯ ಚಿತ್ರ ಕ್ಯಾಥೋಡ್ ಕಿರಣ ನಳಿಗೆಯ ಪರದೆಯ ಮೇಲೆ ಮೂಡುತ್ತಿತ್ತು. ಎದುರಾಳಿ ತಡಮಾಡಿದರೆ ಅಥವಾ ಮತ್ತೆ ಮತ್ತೆ ತಪ್ಪು ಮಾಡಿದರೆ ಟೆಲಿಪ್ರಿಂಟರ್ ಮೂಲಕ ಯಂತ್ರ ಅಸಹನೆ ವ್ಯಕ್ತಪಡಿಸಿ, ಕೊನೆಗೆ ಆಡಲು ನಿರಾಕರಿಸುತ್ತಿತ್ತು.

ಇದೇ ವರ್ಷ ಪ್ರೇಮಪತ್ರಗಳನ್ನು ಬರೆಯುವ ಪ್ರೋಗ್ರಾಮೊಂದನ್ನೂ ರಚಿಸಿದರು. ವಾಕ್ಯದ ಸಿದ್ಧ ಚೌಕಟ್ಟುಗಳಲ್ಲಿ ಪರ್ಯಾಯಪದ ಕೋಶದಿಂದ ಆಯ್ದ ನಾಮಪದ, ವಿಶೇಷಣ, ಕ್ರಿಯಾಪದಗಳನ್ನು ಯಾದೃಚ್ಛಿಕವಾಗಿ ತುಂಬಿ, ಕೊನೆಯಲ್ಲಿ ಮ್ಯಾಂಚೆಸ್ಟರ್ ಗಣಕದ ಹೆಸರಿನ ಮೊದಲಕ್ಷರಗಳನ್ನು ಸಹಿಯಾಗಿ ಹಾಕುತ್ತಿತ್ತು. 1954ರಲ್ಲಿ ಎನ್‌ಕೌಂಟರ್ ಪತ್ರಿಕೆಗೆ ಬರೆದ ಲೇಖನದಲ್ಲಿ ಸ್ಟ್ರೇಚಿಯವರು ಈ ಪತ್ರಗಳನ್ನು ಉದಾಹರಣೆಯಾಗಿ ನೀಡಿದರು. ತೀರ ಸರಳವಾದ ಉಪಾಯದಿಂದಲೂ ಓದುಗರನ್ನು ಬೆರಗುಗೊಳಿಸುವ ಫಲ ಬರಬಹುದೆಂಬುದನ್ನು ಅದು ತೋರಿಸಿತು. ಯಂತ್ರಗಳು ಯೋಚಿಸುತ್ತವೆಯೇ ಎಂಬ ಚರ್ಚೆ ಬಿಸಿಯಾಗಿದ್ದ ಕಾಲದಲ್ಲಿ ಇದು ಮಹತ್ವದ ಅಂಶವಾಗಿತ್ತು.

ಸಂಶೋಧನಾ ನಿಗಮದಲ್ಲಿ

ಈ ಹವ್ಯಾಸವೇ ಇವರ ವೃತ್ತಿಯನ್ನು ಬದಲಿಸಿತು. ಹೊಸ ಆವಿಷ್ಕಾರಗಳನ್ನು ಕೈಗಾರಿಕೆಗೆ ತಲುಪಿಸಲು ಬ್ರಿಟಿಷ್ ಸರ್ಕಾರ ಸ್ಥಾಪಿಸಿದ್ದ ನ್ಯಾಷನಲ್ ರಿಸರ್ಚ್ ಡೆವಲಪ್‌ಮೆಂಟ್ ಕಾರ್ಪೊರೇಷನ್ 1952ರ ಜೂನ್‌ನಲ್ಲಿ ಇವರನ್ನು ನೇಮಿಸಿಕೊಂಡಿತು. ನಿಗಮದ ಪರವಾಗಿ ಕೆನಡಾದ ಟೊರಾಂಟೊಗೆ ಹೋಗಿ, ಸೇಂಟ್ ಲಾರೆನ್ಸ್ ನದಿಯಲ್ಲಿ ಹಡಗುಗಳ ಸಂಚಾರಕ್ಕಾಗಿ ರೂಪಿಸುತ್ತಿದ್ದ ಜಲಮಾರ್ಗದ ಲೆಕ್ಕಾಚಾರಗಳಿಗೆ ಪ್ರೋಗ್ರಾಮ್ ಬರೆದರು.

ಫೆರಾಂಟಿ ಕಂಪನಿಯ ಪೆಗಾಸಸ್ ಗಣಕದ ತಾರ್ಕಿಕ ವಿನ್ಯಾಸ ಈ ಅವಧಿಯ ಮುಖ್ಯ ಸಾಧನೆ. 1956ರಲ್ಲಿ ಬಳಕೆಗೆ ಬಂದ ಈ ಯಂತ್ರವನ್ನು ಪ್ರೋಗ್ರಾಮ್ ಬರೆಯುವವರ ಅನುಕೂಲವನ್ನು ಗಮನದಲ್ಲಿಟ್ಟು ರೂಪಿಸಲಾಗಿತ್ತು. ಲೆಕ್ಕದ ಮಧ್ಯದ ಫಲಿತಾಂಶಗಳನ್ನು ಇಡಲು ಹಿಂದಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದೇ ಸ್ಥಳವಿರುತ್ತಿದ್ದರೆ, ಇಲ್ಲಿ ಹಲವು ಸ್ಥಳಗಳನ್ನು ಒದಗಿಸಲಾಯಿತು. ಇದರಿಂದ ಅಂಕಿಗಳನ್ನು ಅತ್ತಿತ್ತ ಸಾಗಿಸುವುದಕ್ಕಾಗಿಯೇ ಬರೆಯುತ್ತಿದ್ದ ಆದೇಶಗಳು ಕಡಿಮೆಯಾದವು. ಯಂತ್ರ ನಿರ್ಮಿಸುವವರು ಮೊದಲು ಪ್ರೋಗ್ರಾಮರ್‌ಗಳ ಕಷ್ಟವನ್ನು ತಿಳಿಯಬೇಕು ಎಂಬ ಸ್ಟ್ರೇಚಿಯವರ ನಿಲುವಿಗೆ ಪೆಗಾಸಸ್ ಮೂರ್ತರೂಪವಾಗಿತ್ತು.

ಸಮಯ ಹಂಚಿಕೆಯ ಪರಿಕಲ್ಪನೆ

1950ರ ದಶಕದ ಕೊನೆಗೆ ಗಣಕಗಳ ವೇಗ ಬಹಳ ಹೆಚ್ಚಿತ್ತು, ಬೆಲೆಯೂ ಹಾಗೆಯೇ. ಆದರೆ ಅಂಕಿ ಅಂಶಗಳನ್ನು ಒಳಗೆ ತೆಗೆದುಕೊಳ್ಳುವ, ಹೊರಗೆ ಮುದ್ರಿಸುವ ಸಾಧನಗಳು ನಿಧಾನವಾಗಿಯೇ ಇದ್ದವು. ಅವುಗಳಿಗಾಗಿ ಕಾಯುತ್ತಾ ದುಬಾರಿ ಯಂತ್ರ ಸುಮ್ಮನಿರುತ್ತಿತ್ತು. ಪ್ರೋಗ್ರಾಮರ್ ಯಂತ್ರದ ಮುಂದೆ ಕುಳಿತು ಯೋಚಿಸಿದರೆ ಹಣ ಪೋಲಾಗುತ್ತದೆ ಎಂಬ ಕಾರಣಕ್ಕೆ ಅವರನ್ನು ಯಂತ್ರದಿಂದ ದೂರವಿಡುವ ಪದ್ಧತಿ ಬೆಳೆಯಿತು.

1959ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಯುನೆಸ್ಕೊ ನಡೆಸಿದ ಸಮ್ಮೇಳನದಲ್ಲಿ ಸ್ಟ್ರೇಚಿಯವರು ಇದಕ್ಕೊಂದು ಪರಿಹಾರವನ್ನು ಮಂಡಿಸಿದರು. ಹಲವು ಪ್ರೋಗ್ರಾಮ್‌ಗಳು ಒಂದೇ ಯಂತ್ರದ ಸಮಯವನ್ನು ಹಂಚಿಕೊಂಡರೆ, ಒಂದು ಕಾಯುವಾಗ ಇನ್ನೊಂದು ನಡೆಯುತ್ತದೆ. ಒಬ್ಬರು ಕುಳಿತು ತಮ್ಮ ಪ್ರೋಗ್ರಾಮಿನ ತಪ್ಪು ಹುಡುಕುತ್ತಿದ್ದರೂ ಉಳಿದ ಕೆಲಸ ನಿಲ್ಲುವುದಿಲ್ಲ. ಹಲವು ಬಳಕೆದಾರರು ಪ್ರತ್ಯೇಕ ಟರ್ಮಿನಲ್‌ಗಳ ಮೂಲಕ ಒಂದೇ ಯಂತ್ರವನ್ನು ಬಳಸುವ ವ್ಯವಸ್ಥೆಯನ್ನು ಅದೇ ಕಾಲದಲ್ಲಿ ಅಮೆರಿಕದ ಜಾನ್ ಮೆಕಾರ್ಥಿ ಸ್ವತಂತ್ರವಾಗಿ ಪ್ರತಿಪಾದಿಸಿದರು. ಇವೆರಡೂ ಒಂದೇ ಹೆಸರಿನಿಂದ ಪ್ರಸಿದ್ಧವಾದರೂ ಸ್ಟ್ರೇಚಿಯವರ ಪ್ರಸ್ತಾವವು ಇಂದು ಮಲ್ಟಿಪ್ರೋಗ್ರಾಮಿಂಗ್ ಎನ್ನುವುದಕ್ಕೆ ಹೆಚ್ಚು ಹತ್ತಿರವಾಗಿದೆ.

ಸಿಪಿಎಲ್ ಮತ್ತು ಅದರ ಸಂತತಿ

1959ರಲ್ಲಿ ನಿಗಮವನ್ನು ಬಿಟ್ಟು ಸ್ವತಂತ್ರ ಸಲಹೆಗಾರರಾದ ಸ್ಟ್ರೇಚಿಯವರು ಪೀಟರ್ ಲ್ಯಾಂಡಿನ್ ಅವರನ್ನು ಸಹಾಯಕರಾಗಿ ನೇಮಿಸಿಕೊಂಡರು. ಲ್ಯಾಂಬ್ಡಾ ಕಲನ ಎಂಬ ಗಣಿತ ಪದ್ಧತಿಯಿಂದ ಪ್ರೋಗ್ರಾಮಿಂಗ್ ಭಾಷೆಗಳನ್ನು ವಿವರಿಸಬಹುದು ಎಂಬ ಲ್ಯಾಂಡಿನ್ ಅವರ ಸಂಶೋಧನೆಗೆ ಈ ದಿನಗಳಲ್ಲಿ ಪ್ರೋತ್ಸಾಹ ದೊರೆಯಿತು. ಅದರ ಪ್ರಭಾವ ಸ್ಟ್ರೇಚಿಯವರ ಮುಂದಿನ ಕೆಲಸದ ಮೇಲೂ ಆಯಿತು.

1962ರಲ್ಲಿ ಕೇಂಬ್ರಿಡ್ಜ್‌ನ ಗಣಿತ ಪ್ರಯೋಗಾಲಯವನ್ನು ಸೇರಿದರು. ಕೇಂಬ್ರಿಡ್ಜ್ ಮತ್ತು ಲಂಡನ್ ವಿಶ್ವವಿದ್ಯಾಲಯಗಳು ಕೂಡಿ ಸಿಪಿಎಲ್ ಎಂಬ ಹೊಸ ಭಾಷೆಯನ್ನು ರೂಪಿಸುತ್ತಿದ್ದವು. ವೈಜ್ಞಾನಿಕ ಲೆಕ್ಕಾಚಾರಕ್ಕೂ ಇತರ ಕೆಲಸಗಳಿಗೂ ಒಂದೇ ಭಾಷೆ ಸಾಕಾಗಬೇಕು, ಅದರ ಅಡಿಪಾಯ ತರ್ಕಬದ್ಧವಾಗಿರಬೇಕು ಎಂಬುದು ಗುರಿ. ಆದರೆ ಆ ಕಾಲದ ಯಂತ್ರಗಳಿಗೆ ಈ ಭಾಷೆ ಭಾರವಾಯಿತು. ಕಂಪೈಲರ್ ಕೆಲಸ ವರ್ಷಗಟ್ಟಲೆ ಎಳೆದು, ಸಿಪಿಎಲ್ ವ್ಯಾಪಕ ಬಳಕೆಗೆ ಬರಲೇ ಇಲ್ಲ.

ಆದರೂ ಆ ಪ್ರಯತ್ನದ ಉಪಕರಣಗಳು ಉಳಿದುಕೊಂಡವು. ಕಂಪೈಲರ್ ಬರೆಯಲು ನೆರವಾಗಲೆಂದು ಸ್ಟ್ರೇಚಿಯವರು ಜಿಪಿಎಂ ಎಂಬ ಪುಟ್ಟ ಮ್ಯಾಕ್ರೋ ಸಾಧನವನ್ನು ರಚಿಸಿ 1965ರಲ್ಲಿ ಪ್ರಕಟಿಸಿದರು. ಯೂನಿಕ್ಸ್‌ನ ಎಂ4 ಸಾಧನದ ಹಿಂದೆ ಇದರ ಪ್ರಭಾವವಿದೆ. ಕಂಪೈಲರ್ ಬರವಣಿಗೆಗೆಂದೇ ಮಾರ್ಟಿನ್ ರಿಚರ್ಡ್ಸ್ ಸಿಪಿಎಲ್‌ಅನ್ನು ಸರಳಗೊಳಿಸಿ ಬಿಸಿಪಿಎಲ್ ಭಾಷೆಯನ್ನು ರೂಪಿಸಿದರು. ಅದರಿಂದ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಅವರ ಬಿ ಭಾಷೆ, ಬಿಯಿಂದ ಡೆನಿಸ್ ರಿಚಿಯವರ ಸಿ ಭಾಷೆ ಹುಟ್ಟಿದವು.

ಆಕ್ಸ್‌ಫರ್ಡ್‌ನ ವರ್ಷಗಳು

1965ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪ್ರೋಗ್ರಾಮಿಂಗ್ ರಿಸರ್ಚ್ ಗ್ರೂಪ್ ಸ್ಥಾಪನೆಯಾಯಿತು. ಸ್ಟ್ರೇಚಿಯವರು ಅದರ ಮೊದಲ ಮುಖ್ಯಸ್ಥರು. 1967ರಲ್ಲಿ ಕೋಪನ್‌ಹೇಗನ್‌ನ ಬೇಸಿಗೆ ಶಾಲೆಯಲ್ಲಿ ನೀಡಿದ ಉಪನ್ಯಾಸಗಳಲ್ಲಿ ಪ್ರೋಗ್ರಾಮಿಂಗ್ ಭಾಷೆಗಳ ಮೂಲ ಪರಿಕಲ್ಪನೆಗಳನ್ನು ಬಿಡಿಸಿಟ್ಟರು. ಉದಾಹರಣೆಗೆ, ಒಂದು ಚರಾಕ್ಷರಕ್ಕೆ ಬೆಲೆಯನ್ನು ಕೊಡುವ ಆದೇಶದ ಎಡಗಡೆಯಲ್ಲಿ ಅದರ ಹೆಸರು ಬಂದರೆ ಸ್ಮರಣೆಯಲ್ಲಿನ ಜಾಗವನ್ನೂ, ಬಲಗಡೆಯಲ್ಲಿ ಬಂದರೆ ಆ ಜಾಗದಲ್ಲಿರುವ ಬೆಲೆಯನ್ನೂ ಸೂಚಿಸುತ್ತದೆ. ಎಲ್ ಮೌಲ್ಯ, ಆರ್ ಮೌಲ್ಯ ಎಂಬ ಪದಗಳ ಮೂಲಕ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿದರು. ಬಹುರೂಪತೆಯಲ್ಲೂ ಎರಡು ಬಗೆಗಳನ್ನು ಗುರುತಿಸಿದರು. ಪಟ್ಟಿಯ ಉದ್ದವನ್ನು ಎಣಿಸುವ ವಿಧಾನ ಪಟ್ಟಿಯಲ್ಲಿ ಏನೇ ಇದ್ದರೂ ಒಂದೇ. ಆದರೆ ಕೂಡುವ ಚಿಹ್ನೆ ಪೂರ್ಣಾಂಕಗಳಿಗೂ ದಶಮಾಂಶಗಳಿಗೂ ಒಳಗೆ ಬೇರೆ ಬೇರೆ ಕ್ರಮಗಳನ್ನು ಅನುಸರಿಸುತ್ತದೆ. ಕೈಯಿಂದ ಕೈಗೆ ಪ್ರತಿಗಳಾಗಿ ಹರಡಿದ ಈ ಟಿಪ್ಪಣಿಗಳು ನಿಯತಕಾಲಿಕೆಯೊಂದರಲ್ಲಿ ಅಚ್ಚಾದದ್ದು 2000ದಲ್ಲಿ.

1969ರ ಶರತ್ಕಾಲದಲ್ಲಿ ತರ್ಕಶಾಸ್ತ್ರಜ್ಞ ಡಾನಾ ಸ್ಕಾಟ್ ಆಕ್ಸ್‌ಫರ್ಡ್‌ಗೆ ಬಂದರು. ಪ್ರೋಗ್ರಾಮಿನ ಪ್ರತಿಯೊಂದು ಭಾಗಕ್ಕೂ ಅದರ ಅರ್ಥವಾಗಿ ಒಂದು ಗಣಿತ ವಸ್ತುವನ್ನು ನೀಡುವುದು ಸ್ಟ್ರೇಚಿಯವರ ಯೋಜನೆ. ಆದರೆ ತನ್ನನ್ನೇ ತನಗೆ ಅನ್ವಯಿಸಿಕೊಳ್ಳುವ ಫಲನಗಳಿಗೆ ಸಾಮಾನ್ಯ ಗಣಸಿದ್ಧಾಂತದಲ್ಲಿ ನೆಲೆ ಇರಲಿಲ್ಲ. ನಿರಂತರತೆಯ ನಿಯಮಕ್ಕೆ ಒಳಪಟ್ಟ ಫಲನಗಳನ್ನು ಮಾತ್ರ ಪರಿಗಣಿಸಿದರೆ ಆ ನೆಲೆ ಸಾಧ್ಯ ಎಂದು ಸ್ಕಾಟ್ ಅಂದಿನ ಕೆಲವೇ ವಾರಗಳಲ್ಲಿ ತೋರಿಸಿಕೊಟ್ಟರು. ಇವರಿಬ್ಬರ ಸಹಯೋಗದಿಂದ ಡಿನೋಟೇಷನಲ್ ಸೆಮ್ಯಾಂಟಿಕ್ಸ್ ಎಂಬ ಶಾಖೆ ಬೆಳೆಯಿತು.

ಇದರ ಜೊತೆಗೇ ಜೋಸೆಫ್ ಸ್ಟಾಯ್ ಅವರೊಡನೆ ಚಿಕ್ಕ ಗಣಕಕ್ಕಾಗಿ ಓಎಸ್6 ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಬಿಸಿಪಿಎಲ್ ಭಾಷೆಯಲ್ಲಿ ಬರೆದರು. ಇತರರು ಓದಿ ಕಲಿಯಲೆಂದು ಅದರ ಪಠ್ಯವನ್ನೂ ಪ್ರಕಟಿಸಲಾಯಿತು. ಜೆರಾಕ್ಸ್ ಸಂಸ್ಥೆಯ ಆಲ್ಟೊ ಗಣಕದ ವ್ಯವಸ್ಥೆಯ ಮೇಲೆ ಇದರ ಪ್ರಭಾವವಿದೆ.

ನಿಲುವುಗಳು

1960ರ ದಶಕದ ಕೊನೆಯಲ್ಲಿ ದೊಡ್ಡ ಸಾಫ್ಟ್‌ವೇರ್ ಯೋಜನೆಗಳು ವಿಳಂಬ ಮತ್ತು ದೋಷಗಳಿಂದ ನರಳುತ್ತಿದ್ದವು. ಇದನ್ನು ಚರ್ಚಿಸಲು ನೇಟೊ ಪ್ರಾಯೋಜಿಸಿದ ಎರಡನೆಯ ಸಮ್ಮೇಳನ 1969ರಲ್ಲಿ ರೋಮ್‌ನಲ್ಲಿ ನಡೆದಾಗ, ಸಿದ್ಧಾಂತ ಮತ್ತು ಪ್ರಯೋಗಗಳ ನಡುವಣ ಅಂತರದ ಬಗ್ಗೆ ಪ್ರತ್ಯೇಕ ಚರ್ಚೆಗೆ ಕಾರಣರಾದವರಲ್ಲಿ ಸ್ಟ್ರೇಚಿಯವರು ಮುಖ್ಯರು. ಪ್ರಯೋಗದ ಪರಿಚಯವಿಲ್ಲದ ಸಿದ್ಧಾಂತಿಗಳು ನಿಜವಾದ ಸಮಸ್ಯೆಗಳನ್ನು ಕಾಣಲಾರರು, ಸಿದ್ಧಾಂತವನ್ನು ಕಡೆಗಣಿಸಿದ ಪ್ರೋಗ್ರಾಮರ್‌ಗಳ ಕೆಲಸಕ್ಕೆ ಭದ್ರ ಬುನಾದಿ ಇರುವುದಿಲ್ಲ ಎಂಬುದು ಇವರ ಅಭಿಪ್ರಾಯ. ಓಎಸ್6 ಮತ್ತು ಸೆಮ್ಯಾಂಟಿಕ್ಸ್ ಎರಡನ್ನೂ ಒಂದೇ ತಂಡದಲ್ಲಿ ನಡೆಸಿದ್ದು ಈ ಅಭಿಪ್ರಾಯಕ್ಕೆ ಅನುಗುಣವಾಗಿಯೇ ಇತ್ತು. ಇನ್ನೊಂದೆಡೆ, ತೃಪ್ತಿಯಾಗುವವರೆಗೂ ಪ್ರಕಟಿಸದಿರುವ ಇವರ ಸ್ವಭಾವದಿಂದ ಹಲವು ವಿಚಾರಗಳು ಇತರರ ಬರಹಗಳ ಮೂಲಕವೇ ಹೊರಬಂದವು.

ನಿಧನ ಮತ್ತು ಸ್ಮರಣೆ

1971ರಲ್ಲಿ ಆಕ್ಸ್‌ಫರ್ಡ್ ಇವರಿಗೆ ಪ್ರಾಧ್ಯಾಪಕ ಪದವಿ ನೀಡಿತು. ಅದೇ ವರ್ಷ ಬ್ರಿಟಿಷ್ ಕಂಪ್ಯೂಟರ್ ಸೊಸೈಟಿಯ ವಿಶಿಷ್ಟ ಫೆಲೊ ಆಗಿ ಆಯ್ಕೆಯಾದರು. ವಿದ್ಯಾರ್ಥಿ ರಾಬರ್ಟ್ ಮಿಲ್ನ್ ಅವರೊಡನೆ ಆಡಮ್ಸ್ ಬಹುಮಾನಕ್ಕಾಗಿ ದೀರ್ಘ ಪ್ರಬಂಧವೊಂದನ್ನು ಸಿದ್ಧಪಡಿಸಿದ ಬಳಿಕ ಕಾಮಾಲೆಯಿಂದ ಅಸ್ವಸ್ಥರಾದರು. ಕೆಲಕಾಲ ಚೇತರಿಸಿಕೊಂಡಂತೆ ಕಂಡರೂ, ಸೋಂಕಿನ ಯಕೃತ್ ಉರಿಯೂತದಿಂದ ಮೇ 18, 1975ರಂದು ತಮ್ಮ 58ನೆಯ ವಯಸ್ಸಿನಲ್ಲಿ ನಿಧನರಾದರು. ಆ ಪ್ರಬಂಧವನ್ನು ಮಿಲ್ನ್ ಅವರು ಪರಿಷ್ಕರಿಸಿ 1976ರಲ್ಲಿ ಗ್ರಂಥರೂಪದಲ್ಲಿ ಹೊರತಂದರು.

ಪ್ರೋಗ್ರಾಮಿಂಗ್ ರಿಸರ್ಚ್ ಗ್ರೂಪ್‌ನ ಮುಂದಾಳತ್ವವನ್ನು ಟೋನಿ ಹೋರ್ ವಹಿಸಿಕೊಂಡರು. ಆಕ್ಸ್‌ಫರ್ಡ್‌ನಲ್ಲಿ ಗಣಕಶಾಸ್ತ್ರದ ಪ್ರಾಧ್ಯಾಪಕ ಪೀಠವೊಂದಕ್ಕೂ ಉಪನ್ಯಾಸ ಮಾಲೆಯೊಂದಕ್ಕೂ ಸ್ಟ್ರೇಚಿಯವರ ಹೆಸರಿದೆ. ಬಿಬಿಸಿ 1951ರಲ್ಲಿ ಮುದ್ರಿಸಿಕೊಂಡಿದ್ದ ಆ ಮೂರು ರಾಗಗಳನ್ನು ಸಂಶೋಧಕರು 2016ರಲ್ಲಿ ಶುದ್ಧೀಕರಿಸಿ ಮೂಲ ಶ್ರುತಿಗೆ ತಂದರು.