ಭಾರತದ ಪ್ರಜೆಯಾದ ಹಾಲ್ಡೇನ್

ಬಿ.ಎಸ್ಸಿ. ಓದುವಾಗ ಜೆ.ಬಿ.ಎಸ್. ಹಾಲ್ಡೇನ್ ನನಗೆ ತಳಿವಿಜ್ಞಾನದ ಪುಸ್ತಕದಲ್ಲಿನ ಒಂದು ಹೆಸರು ಮಾತ್ರ. ಬೋಧನಾಭ್ಯಾಸಕ್ಕಾಗಿ ಹತ್ತನೇ ತರಗತಿಯ ಅನುವಂಶೀಯತೆಯ ಪಾಠ ಸಿದ್ಧಪಡಿಸುವಾಗ, ಅವರು ಭಾರತದ ಪ್ರಜೆಯಾಗಿದ್ದರೆಂದು ತಿಳಿಯಿತು.

1892ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿದ ಅವರು, ಶರೀರಕ್ರಿಯಾ ವಿಜ್ಞಾನಿಯಾಗಿದ್ದ ತಂದೆಯ ಪ್ರಯೋಗಗಳಿಗೆ ಬಾಲ್ಯದಲ್ಲೇ ನೆರವಾದರು. ನೈಸರ್ಗಿಕ ಆಯ್ಕೆಯನ್ನು ಗಣಿತದ ಮೂಲಕ ವಿವರಿಸಿ ಹೆಸರಾದರು. ಸೂಯೆಜ್ ಮೇಲೆ ಬ್ರಿಟನ್ ನಡೆಸಿದ ದಾಳಿಯನ್ನು ವಿರೋಧಿಸಿದ ಅವರು, 1957ರಲ್ಲಿ ಲಂಡನ್ನಿನ ಪ್ರಾಧ್ಯಾಪಕ ಹುದ್ದೆ ಬಿಟ್ಟು, ಪತ್ನಿ ಹೆಲೆನ್ ಸ್ಪರ್ವೇ ಅವರೊಂದಿಗೆ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದರು. ಆಗ ಅವರಿಗೆ 64 ವರ್ಷ.

ಇಲ್ಲಿ ಅವರು ಇಲ್ಲಿನವರಂತೆ ಉಡುಪು ತೊಟ್ಟರು, ಸಸ್ಯಾಹಾರಿಯಾದರು, 1961ರಲ್ಲಿ ಪೌರತ್ವ ಪಡೆದರು. ಆದರೆ ಅವರು ಈ ನೆಲದವರಾದದ್ದು ನನಗೆ ಹೆಚ್ಚಾಗಿ ಕಾಣುವುದು ಅವರ ಕಲಿಸುವ ಕ್ರಮದಲ್ಲಿ. ದುಬಾರಿ ಉಪಕರಣಗಳಿಗೆ ಕಾಯದೆ, ಸುತ್ತಲಿನ ಗಿಡ, ಕೀಟ, ಹಕ್ಕಿಗಳನ್ನು ನೋಡಿ ಎಣಿಸಲು ಶಿಷ್ಯರನ್ನು ಹಚ್ಚಿದರು. ಒಬ್ಬರು ಪಾರಿಜಾತದ ದಳಗಳನ್ನು ಎಣಿಸಿದರು; ಇನ್ನೊಬ್ಬರು ಯಾವ ಬಣ್ಣದ ಲಂಟಾನ ಹೂವಿಗೆ ಯಾವ ಚಿಟ್ಟೆ ಬರುತ್ತದೆಂದು ಗುರುತಿಸಿದರು. ಅದೇ ಸಂಶೋಧನೆಯಾಯಿತು.

1962ರಲ್ಲಿ ಭುವನೇಶ್ವರಕ್ಕೆ ತೆರಳಿದ ಅವರು, 1964ರ ಡಿಸೆಂಬರ್ 1ರಂದು ಅಲ್ಲಿಯೇ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ವಿದ್ಯಾರ್ಥಿಗಳ ಕಲಿಕೆಗಾಗಿ ಕೊಡಲಾಯಿತು.

ಹೊಸ ದೇಶದ ಪ್ರಜೆಯಾಗುವುದೆಂದರೆ ಅಲ್ಲಿ ಇರುವುದನ್ನೇ ಗೌರವಿಸಿ ಕೆಲಸ ಮಾಡುವುದು ಎಂದು ಈ ಜೀವನದಿಂದ ನಾನು ಅರಿತೆ. ಹೊಸ ಶಾಲೆಗೆ ಹೋಗುವ ಶಿಕ್ಷಕರಿಗೂ ಇದು ಸಲ್ಲುತ್ತದೆ. ಪ್ರಯೋಗಾಲಯವಿಲ್ಲದ ಶಾಲೆಯಲ್ಲೂ ಮಕ್ಕಳು ಅಂಗಳದ ಹೂಗಳ ದಳ ಎಣಿಸಿ, ಸ್ತಂಭಾಲೇಖ ಬರೆದು, ಭಿನ್ನತೆ ಎಂದರೇನೆಂದು ಕಣ್ಣಾರೆ ಕಾಣಬಹುದು.