ಬಲದ ಲೆಕ್ಕ ಬರೆದ ಲ್ಯಾಂಚೆಸ್ಟರ್

ಒಬ್ಬ ರಾಕ್ಷಸನ ಜಾಗದಲ್ಲಿ ಇಬ್ಬರನ್ನು ನಿಲ್ಲಿಸಿದರೆ ಕಾಳಗ ಎಷ್ಟು ಕಷ್ಟವಾಗುತ್ತದೆ? ಎರಡು ಪಟ್ಟು ಎಂದು ಯಾರಿಗಾದರೂ ಅನ್ನಿಸುತ್ತದೆ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಂಥ ದಾಳದ ಆಟ ನಡೆಸುವವರಿಗೆ ಇದು ದೊಡ್ಡ ತಲೆನೋವು. ಲೆಕ್ಕ ತಪ್ಪಿದರೆ ಆಟಗಾರರ ತಂಡವೇ ಸತ್ತು ಕಥೆ ಮುಗಿಯುತ್ತದೆ. ಉತ್ತರ ಹುಡುಕುತ್ತಾ ಹೊರಟ ನನಗೆ ಸಿಕ್ಕವರು, 1974ರಲ್ಲಿ ಈ ಆಟ ಮಾರುಕಟ್ಟೆಗೆ ಬರುವ ಎಷ್ಟೋ ಮೊದಲೇ ತೀರಿಕೊಂಡಿದ್ದ ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್.

ಅವರು ಹುಟ್ಟಿದ್ದು 1868ರಲ್ಲಿ, ಲಂಡನ್ನಿನಲ್ಲಿ. ತಂದೆ ವಾಸ್ತುಶಿಲ್ಪಿ. ವಿದ್ಯಾರ್ಥಿವೇತನ ಪಡೆದು ವಿಜ್ಞಾನ ಕಾಲೇಜು ಸೇರಿದರೂ ಪದವಿ ಪಡೆಯದೆ ಹೊರಬಂದರು. 1889ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಗ್ಯಾಸ್ ಎಂಜಿನ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಆಗ ಅವರಿಗೆ ಹೆಚ್ಚುಕಡಿಮೆ ನನ್ನ ವಯಸ್ಸು. ಅವರು ಕಂಡುಹಿಡಿದದ್ದೆಲ್ಲ ಕಂಪನಿಗೆ ಸೇರಬೇಕು ಎಂಬ ಷರತ್ತು ಕರಾರಿನಲ್ಲಿತ್ತು. ಅದನ್ನು ಹೊಡೆದುಹಾಕಿ ಸಹಿ ಮಾಡಿದರು. ಆಫರ್ ಲೆಟರ್ ಕೈಗೆ ಬಂದರೆ ಸಾಕು ಎಂದು ಕಾಯುವ ನಮಗೆ ಆ ಧೈರ್ಯ ಊಹಿಸುವುದೂ ಕಷ್ಟ.

ಮುಂದೆ ತಮ್ಮಂದಿರ ಜತೆ ಕಾರು ತಯಾರಿಸಿದರು. 1899ರಲ್ಲಿ ಸ್ವಂತ ಕಂಪನಿ ಶುರುವಾಯಿತು. 1902ರಲ್ಲೇ ಡಿಸ್ಕ್ ಬ್ರೇಕ್‌ಗೆ ಪೇಟೆಂಟ್ ಪಡೆದರು. ಎಂಜಿನ್ನಿನ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟ್ ಕೂಡ ಅವರದೇ ಕೊಡುಗೆ. ಕೈತುಂಬ ಆರ್ಡರ್ ಇದ್ದರೂ ಬಂಡವಾಳ ಸಾಲದೆ 1904ರಲ್ಲಿ ಕಂಪನಿ ದಿವಾಳಿ ಅಂಚಿಗೆ ಬಂತು. ವಿಮಾನದ ರೆಕ್ಕೆ ಹೇಗೆ ಮೇಲೆತ್ತುತ್ತದೆ ಎಂಬ ಅವರ ಪ್ರಬಂಧವನ್ನು ಫಿಸಿಕಲ್ ಸೊಸೈಟಿ 1897ರಲ್ಲಿ ತಿರಸ್ಕರಿಸಿತ್ತು. ರೈಟ್ ಸಹೋದರರು ಹಾರುವುದಕ್ಕೆ ಇನ್ನೂ ಆರು ವರ್ಷ ಇತ್ತು!

ಮೊದಲ ಮಹಾಯುದ್ಧ ಶುರುವಾದಾಗ ಅವರು ಕದನವನ್ನೇ ಸಮೀಕರಣವಾಗಿ ಬರೆದರು. ಈ ಲೇಖನಗಳು 1916ರಲ್ಲಿ ಪುಸ್ತಕವಾದವು. ಎಲ್ಲರೂ ಎಲ್ಲರ ಮೇಲೂ ಗುರಿಯಿಟ್ಟು ಹೊಡೆಯಬಲ್ಲ ಕಾಳಗದಲ್ಲಿ ಸೇನೆಯ ಬಲ ಅದರ ಸಂಖ್ಯೆಯ ವರ್ಗಕ್ಕೆ ಅನುಗುಣ. ಅಂದರೆ ಇಬ್ಬರಿದ್ದರೆ ಬಲ ನಾಲ್ಕು ಪಟ್ಟು. ಒಬ್ಬನಿಗೆ ಒಬ್ಬನೇ ಎದುರಾಗುವ ಕತ್ತಿಕಾಳಗದಲ್ಲಿ ಮಾತ್ರ ಬಲ ಸಂಖ್ಯೆಯಷ್ಟೇ.

ಟ್ರಫಾಲ್ಗರ್ ಕದನಕ್ಕೆ (1805) ನೆಲ್ಸನ್ ಹಾಕಿದ್ದ ಯೋಜನೆಯನ್ನು ಅವರು ಇದೇ ಲೆಕ್ಕಕ್ಕೆ ಒಡ್ಡಿದರು. ಯೋಜನೆಯಲ್ಲಿ ನೆಲ್ಸನ್ ಬಳಿ 40 ಹಡಗು, ಶತ್ರುವಿನ ಬಳಿ 46. ನೇರ ಕಾದಾಡಿದರೆ 1600ಕ್ಕೆ 2116, ಸೋಲು ಖಚಿತ. ಶತ್ರುಸಾಲನ್ನು 23ರಂತೆ ಎರಡಾಗಿ ಕತ್ತರಿಸಿ, ಒಂದು ತುಂಡಿನ ಮೇಲೆ 32 ಹಡಗು ನುಗ್ಗಿಸಿ, ಇನ್ನೊಂದನ್ನು 8ರಿಂದ ತಡೆದರೆ? ನೆಲ್ಸನ್‌ದು 1024 ಕೂಡಿಸು 64, ಒಟ್ಟು 1088. ಶತ್ರುವಿನದು 529ರ ಎರಡರಷ್ಟು, 1058. ಲೆಕ್ಕ ತಿರುಗಿತು.

ಆಟದಲ್ಲೂ ಇದೇ ತರ್ಕ. ನಮ್ಮ ತಂಡ ಸುತ್ತಿಗೊಬ್ಬ ರಾಕ್ಷಸನನ್ನು ಕೊಲ್ಲುತ್ತದೆ, ಪ್ರತಿ ರಾಕ್ಷಸ ಸುತ್ತಿಗೊಂದು ಪೆಟ್ಟು ಕೊಡುತ್ತಾನೆ ಎನ್ನೋಣ. ಒಬ್ಬನಿದ್ದರೆ ಒಂದು ಪೆಟ್ಟು. ಇಬ್ಬರಿದ್ದರೆ ಎರಡು, ಆಮೇಲೆ ಒಂದು: ಒಟ್ಟು ಮೂರು. ನಾಲ್ವರಿದ್ದರೆ ಹತ್ತು. 2014ರ ನಿಯಮಪುಸ್ತಕದಲ್ಲಿ ಇಬ್ಬರಿದ್ದರೆ ಅಂಕಗಳ ಮೊತ್ತವನ್ನು ಒಂದೂವರೆಯಿಂದ, ಮೂರರಿಂದ ಆರು ಮಂದಿ ಇದ್ದರೆ ಎರಡರಿಂದ ಗುಣಿಸಿ ಕಷ್ಟ ಅಳೆಯುವುದು ಇದಕ್ಕೇ. ಕಿರಿದಾದ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಎದುರಿಸುವ ಆಟಗಾರ ಜಾಣ ಎನ್ನುವುದೂ ಇದಕ್ಕೇ. ಅವನು ವರ್ಗದ ಲೆಕ್ಕವನ್ನು ಕತ್ತಿಕಾಳಗದ ಲೆಕ್ಕಕ್ಕೆ ಇಳಿಸಿರುತ್ತಾನೆ.

ಬಲವನ್ನು ಒಂದೇ ಕಡೆ ಕೂಡಿಸಬೇಕು ಎಂದು ಗಣಿತದಿಂದ ತೋರಿಸಿದ ಲ್ಯಾಂಚೆಸ್ಟರ್ ಸ್ವತಃ ಕಾರು, ವಿಮಾನ, ಯುದ್ಧ, ಕೊನೆಗೆ ಧ್ವನಿವರ್ಧಕ ಎಂದು ಹಲವು ರಂಗಗಳಲ್ಲಿ ಸೆಣಸಿದರು. 1922ರಲ್ಲಿ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು. ಗೌರವ ಬಂತು, ಹಣ ಬರಲಿಲ್ಲ. ಪಾರ್ಕಿನ್ಸನ್ ಕಾಯಿಲೆ, ಮಂಜಾದ ಕಣ್ಣು, ಬಡತನದ ನಡುವೆ 1946ರ ಮಾರ್ಚ್ 8ರಂದು ತೀರಿಕೊಂಡರು.

ಸೆಮಿಸ್ಟರ್, ಗೇಟ್, ಕೆಪಿಎಸ್‌ಸಿ, ಬ್ಯಾಂಕ್ ಪರೀಕ್ಷೆ ಎಲ್ಲವನ್ನೂ ಒಟ್ಟಿಗೆ ಎದುರು ಹಾಕಿಕೊಳ್ಳುವ ನಮಗೆ ಅವರ ಸೂತ್ರವೂ ಬೇಕು, ಬದುಕೂ ಬೇಕು. ನಾಲ್ಕು ಶತ್ರುಗಳು ಬಂದಾಗ ಕಷ್ಟ ನಾಲ್ಕು ಪಟ್ಟಲ್ಲ, ಅದಕ್ಕಿಂತ ಬಹಳ ಹೆಚ್ಚು. ಮೊದಲು ಬಾಗಿಲು ಹುಡುಕಿಕೊಳ್ಳೋಣ.